ಎಣ್ಣೆ ಕೈ ತೊಳೆದು ಬಾ

ಮಾವನವರ ಹದಿಮೂರನೆಯ ದಿನದ ಕಾರ್ಯ ಮೊನ್ನೆ ಭಾನುವಾರ ಮುಗಿಯಿತು. ಬಂದವರಿಗೆಲ್ಲ ಕೈಮುಗಿಯುವಷ್ಟರಲ್ಲಿ ಪಂಕ್ತಿ ಎದ್ದಿತ್ತು, ಯಾರೊಡನೆಯೂ ಸರಿಯಾಗಿ ಎರಡು ಮಾತಾಡಲು ಆಗಲಿಲ್ಲ. ಆ ಸಾಲವನ್ನು ಇಲ್ಲಿ ಸ್ವಲ್ಪ ತೀರಿಸುತ್ತೇನೆ.

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಬಳಗಕ್ಕೆ ಅವರು ‘ನೇವಿ ಅಜ್ಜ’. ಸಬ್‌ಮರೀನಿನಲ್ಲಿ ದುಡಿದವರು ಎಂಬುದು ಹೆಚ್ಚಿನವರಿಗೆ ತಿಳಿದದ್ದು ಅಂತ್ಯಕ್ರಿಯೆಯ ದಿನ ಅಂಗಳದಲ್ಲಿ ಸಾಲಾಗಿ ನಿಂತಿದ್ದ ನಾಲ್ಕು ಜನ ಹಿರಿಯರಿಂದ. ಒಬ್ಬರು ಮಂಡಿಗೆ ಪಟ್ಟಿ ಕಟ್ಟಿಕೊಂಡು ಪುಣೆಯಿಂದ ನಸುಕಿನ ರೈಲಿಗೆ ಬಂದಿದ್ದರು. ‘ಇವನ ಬ್ಯಾಡ್ಜ್ ಎಲ್ಲಿ?’ ಎಂದು ಕೇಳಿದರು. ಆ ಗಡಿಬಿಡಿಯಲ್ಲಿ ಕಪಾಟು, ಟ್ರಂಕು ಎಲ್ಲ ತಡಕಿದರೂ ಅದು ಸಿಗಲಿಲ್ಲ. ಅವರು ತಮ್ಮ ಎದೆಯ ಮೇಲಿದ್ದ, ಸಬ್‌ಮರೀನಿನವರು ಧರಿಸುವ ಡಾಲ್ಫಿನ್ ಬ್ಯಾಡ್ಜ್ ಬಿಚ್ಚಿ ಮಾವನವರ ಅಂಗಿಗೆ ಚುಚ್ಚಿದರು. ಚಿತೆಗೆ ಏರಿಸುವ ಮುನ್ನ ಮರಳಿ ಕೊಡಲು ಹೋದರೆ ತಲೆಯಾಡಿಸಿಬಿಟ್ಟರು.

ಮಾವನವರ ಊರು ಈಗಿನ ಗದಗ ಜಿಲ್ಲೆಯಲ್ಲಿದೆ. ಬೇಸಿಗೆ ಬಂತೆಂದರೆ ಕುಡಿಯುವ ನೀರಿಗೂ ಕೊಡ ಹೊತ್ತು ನಡೆಯಬೇಕಾಗಿದ್ದ ಸೀಮೆ. ನೌಕಾಪಡೆಗೆ ಸೇರುವವರೆಗೆ ಅವರು ಸಮುದ್ರ ಕಂಡವರಲ್ಲ. ನಮ್ಮ ದೇಶದ ಮೊದಲ ಸಬ್‌ಮರೀನ್ ‘ಕಲ್ವರಿ’ ಸೋವಿಯತ್ ಒಕ್ಕೂಟದ ರೀಗಾ ಬಂದರಿನಲ್ಲಿ ಸೇವೆಗೆ ಸೇರಿದ್ದು 1967ರ ಡಿಸೆಂಬರ್ 8ರಂದು. ಅದೇ ಜಾತಿಯ ‘ಕರಂಜ್’ ಬಂದದ್ದು 1969ರಲ್ಲಿ. ಮಾವನವರು ಆ ಕರಂಜಿನ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದರು, ಅಂದರೆ ಬ್ಯಾಟರಿ ಕಾಯುವವರು. ನೀರಿನ ಆಳದಲ್ಲಿ ಡೀಸೆಲ್ ಎಂಜಿನ್ನಿಗೆ ಗಾಳಿ ಸಿಗುವುದಿಲ್ಲ, ಅಲ್ಲಿ ಹಡಗನ್ನು ನಡೆಸುವುದು ಬ್ಯಾಟರಿಯೇ. ಕಾಲಡಿಯ ಹೊಂಡಗಳಲ್ಲಿ ನಾನೂರಕ್ಕೂ ಹೆಚ್ಚು ಸೆಲ್‌ಗಳು. ಅವುಗಳ ಮೇಲೆ ತೆವಳುತ್ತ ಹೋಗಿ, ಹೈಡ್ರೋಮೀಟರಿನಲ್ಲಿ ಆಮ್ಲ ಎಳೆದು ಸಾಂದ್ರತೆ ಓದಿ ಬರೆದಿಡುವುದು ಇವರ ಕೆಲಸ.

1971ರ ಯುದ್ಧದಲ್ಲಿ ಕರಂಜ್ ಅರಬ್ಬಿ ಸಮುದ್ರದಲ್ಲಿ ಗಸ್ತು ತಿರುಗಿತ್ತು. ನನ್ನ ಮಗ ಸಣ್ಣವನಿದ್ದಾಗ ‘ಅಜ್ಜ, ಎಷ್ಟು ಹಡಗು ಮುಳುಗಿಸಿದಿರಿ?’ ಎಂದು ಕೇಳಿದ್ದ. ‘ಒಂದೂ ಇಲ್ಲ. ಒಂದು ತಿಂಗಳು ಸ್ನಾನ ಇರಲಿಲ್ಲ, ಅದನ್ನು ಬರೆದುಕೋ’ ಎಂದಿದ್ದರು. ಹೇಳಿದರೆ ಇಂಥವನ್ನೇ ಹೇಳುತ್ತಿದ್ದರು. ನೀರಿನ ಮೇಲಿನಿಂದ ಎಂಜಿನ್ನಿಗೆ ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆಯ ಬಾಯಿಗೆ ಅಲೆ ಬಡಿದು ಮುಚ್ಚಳ ಬಿದ್ದಾಗ ಎಂಜಿನ್ ಒಳಗಿನ ಗಾಳಿಯನ್ನೇ ಹೀರಿ ಎಲ್ಲರ ಕಿವಿಯೂ ಟಪ್ಪೆನ್ನುತ್ತಿದ್ದದ್ದು, ಊರಿನಿಂದ ಒಯ್ದ ಶೇಂಗಾ ಚಟ್ನಿಪುಡಿಗೂ ಡೀಸೆಲ್ ವಾಸನೆ ಹತ್ತಿದ್ದು. ನಮ್ಮ ಸೊಸೈಟಿಗೆ ನಾಲ್ಕು ದಿನ ನೀರು ಬರದೆ ಎಲ್ಲರೂ ಟ್ಯಾಂಕರಿಗೆ ಬಾಯಿ ಬಡಿದುಕೊಳ್ಳುತ್ತಿದ್ದಾಗ ಎರಡು ತಂಬಿಗೆ ನೀರಿನಲ್ಲಿ ಮಿಂದು ಹಣೆಗೆ ವಿಭೂತಿ ಹಚ್ಚಿಕೊಂಡು ಕುಳಿತಿರುತ್ತಿದ್ದರು. ನನಗೆ ಆಗ ಸಿಟ್ಟೇ ಬರುತ್ತಿತ್ತು.

ಅವರ ಶಿಸ್ತಿಗೂ ನನಗೂ ಹನ್ನೊಂದು ವರ್ಷ ಹೊಂದಲಿಲ್ಲ. ಇನ್ವರ್ಟರ್ ಇಟ್ಟ ಮೂಲೆಯ ಮೇಲಿನ ಹಲಗೆಯಲ್ಲಿ ದೇವರ ಫೋಟೊ ಇಟ್ಟು ಊದುಬತ್ತಿ ಹಚ್ಚುತ್ತಿದ್ದೆ. ಒಂದು ಬೆಳಿಗ್ಗೆ ಏಳುವಷ್ಟರಲ್ಲಿ ದೇವರು ಎದುರಿನ ಗೋಡೆಗೆ ಹೋಗಿದ್ದ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಅದಕ್ಕೆ ವಾಸನೆ ಇಲ್ಲ, ಕಿಡಿ ತಾಗಿದರೆ ಸಾಕು ಎಂದು ಅವರು ಹೇಳಿದ್ದನ್ನು ಮುದುಕರ ಹಟ ಎಂದುಕೊಂಡಿದ್ದೆ. ಅತ್ತೆಯವರು ಮಾತ್ರ ನಗುತ್ತ ‘ಬಿಡಮ್ಮ, ಇನ್ನೂ ನೀರಿನ ಕೆಳಗೇ ಇದ್ದಾರೆ’ ಎನ್ನುತ್ತಿದ್ದರು.

ಎರಡು ಸಲ ಮಾತ್ರ ಅವರು ಬೇರೆಯಾಗಿ ಕಂಡರು. 2013ರ ಆಗಸ್ಟ್ 14ರಂದು ಮುಂಬೈ ಡಾಕ್‌ಯಾರ್ಡಿನಲ್ಲಿ ‘ಸಿಂಧುರಕ್ಷಕ್’ ಸಬ್‌ಮರೀನ್ ಸ್ಫೋಟಗೊಂಡು ಹದಿನೆಂಟು ಮಂದಿ ಒಳಗೇ ತೀರಿಹೋದಾಗ ಎರಡು ದಿನ ಊಟ ಮಾಡಲಿಲ್ಲ. 2021ರ ಮಾರ್ಚ್ 10ರಂದು ಹೊಸ ‘ಕರಂಜ್’ ಮುಂಬೈಯಲ್ಲಿ ಸೇವೆಗೆ ಸೇರಿತು. ಮುಖ್ಯ ಅತಿಥಿ, 1971ರಲ್ಲಿ ಹಳೆಯ ಕರಂಜಿನ ಕಮಾಂಡರ್ ಆಗಿದ್ದ ನಿವೃತ್ತ ಅಡ್ಮಿರಲ್ ವಿ. ಎಸ್. ಶೆಖಾವತ್. ಟೀವಿಯಲ್ಲಿ ಅವರ ಮುಖ ಕಂಡದ್ದೇ ತಡ, ಲುಂಗಿಯುಟ್ಟು ಕುಳಿತಿದ್ದ ಮಾವನವರು ಎದ್ದು ನೆಟ್ಟಗೆ ನಿಂತರು. ‘ನಮ್ಮ ಸಾಹೇಬರು’ ಎಂದರು, ಅಷ್ಟೇ.

ಕೊನೆಯ ನಾಲ್ಕು ತಿಂಗಳು ಶ್ವಾಸಕೋಶ ಸೋತು ಮನೆಗೇ ಆಕ್ಸಿಜನ್ ಸಿಲಿಂಡರ್ ಬಂತು. ಲಿಫ್ಟ್ ಕೆಟ್ಟು ಮೂರು ವಾರವಾಗಿತ್ತು. ಗೋಕುಲಾಷ್ಟಮಿಯ ದಹಿಹಂಡಿ, ಅಂದರೆ ಮೊಸರು ಕುಡಿಕೆ ಒಡೆಯಲು ಮನುಷ್ಯ ಗೋಪುರ ಕಟ್ಟುವ ನಮ್ಮ ಗಲ್ಲಿಯ ಹುಡುಗರು ಪ್ರತಿ ಸಿಲಿಂಡರನ್ನೂ ನಾಲ್ಕು ಮಹಡಿ ಹೊತ್ತು ತಂದರು, ಖಾಲಿಯಾದದ್ದನ್ನು ಇಳಿಸಿದರು. ಚಹಾ ಕೊಟ್ಟರೆ ಕುಡಿದರು, ದುಡ್ಡು ಕೊಟ್ಟರೆ ಬೈದರು. ತಮ್ಮಂದಿರೇ, ಈ ಸಲ ನೀವು ಹಂಡಿ ಒಡೆಯುವಾಗ ಕೆಳಗೆ ನಾನು ನಿಂತಿರುತ್ತೇನೆ.

ಮೊದಲ ವಾರದಲ್ಲಿ ಒಂದು ದಿನ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದವಳು ಹಾಗೆಯೇ ಎದ್ದು ಹೊಸ ಸಿಲಿಂಡರಿನ ವಾಲ್ವ್ ತಿರುಗಿಸಲು ಹೋದೆ. ಮಾತಾಡಲು ಉಸಿರಿಲ್ಲದ ಮನುಷ್ಯ ಮಂಚದ ಸರಳಿಗೆ ಉಂಗುರ ಬಡಿದು ನನ್ನನ್ನು ನಿಲ್ಲಿಸಿದರು. ಮಾಸ್ಕ್ ಸರಿಸಿ, ‘ಎಣ್ಣೆ ಕೈ. ತೊಳೆದು ಬಾ’ ಎಂದರು. ಸಬ್‌ಮರೀನಿನ ಒಳಗೆ ಗಾಳಿ ಶುದ್ಧಮಾಡುವ ರಾಸಾಯನಿಕ ಪ್ಲೇಟುಗಳಿದ್ದವಂತೆ. ಅವು ಉಸಿರಿನ ಕೆಟ್ಟ ಗಾಳಿ ಹೀರಿ ಆಮ್ಲಜನಕ ಬಿಡುತ್ತಿದ್ದವು, ಆದರೆ ಒಂದು ಹನಿ ಎಣ್ಣೆ ತಾಗಿದರೆ ಹೊತ್ತಿಕೊಳ್ಳುತ್ತಿದ್ದವು. ಸಿಲಿಂಡರಿನ ಶುದ್ಧ ಆಮ್ಲಜನಕದ ಮುಂದೆಯೂ ಎಣ್ಣೆ ಜಿಡ್ಡು ಅಷ್ಟೇ ಅಪಾಯವೆಂದು ಮರುದಿನ ಸಿಲಿಂಡರ್ ತಂದವನೂ ಹೇಳಿದ. ನಾನು ಸೋಪು ಹಾಕಿ ಎರಡು ಸಲ ಕೈ ತೊಳೆದೆ. ಅಂದಿನಿಂದ ಅವರ ಮಾತಿಗೆ ಎದುರಾಡಲಿಲ್ಲ, ಎದುರಾಡಲು ಹೆಚ್ಚು ದಿನ ಉಳಿದೂ ಇರಲಿಲ್ಲ.

ಕೊನೆಯ ಒಂಬತ್ತು ದಿನ ಕೊಲಾಬಾದ ಅಶ್ವಿನಿ ನೌಕಾ ಆಸ್ಪತ್ರೆಯಲ್ಲಿದ್ದರು. ಆಕ್ಸಿಜನ್ ಮೀಟರ್ ಅವರ ತಲೆಯ ಹಿಂದಿನ ಗೋಡೆಯಲ್ಲಿ, ಇವರಿಗೆ ಕಾಣುತ್ತಿರಲಿಲ್ಲ. ಅದೇ ಅವರ ಸಂಕಟ. ಅದನ್ನು ಅರ್ಥಮಾಡಿಕೊಂಡ ನರ್ಸ್ ಒಬ್ಬರು ಪಾಳಿಗೆ ಬಂದಾಗಲೆಲ್ಲ ‘ಅಂಕಲ್, ಮೂರು ಲೀಟರ್’ ಎಂದು ಗಟ್ಟಿಯಾಗಿ ಓದುತ್ತಿದ್ದರು. ಇವರು ಹೆಬ್ಬೆರಳು ಎತ್ತುತ್ತಿದ್ದರು. ತಂಗಿ, ನಿಮ್ಮ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಮನೆಯಲ್ಲಿ ಅದು ದಿನವೂ ಬರುತ್ತದೆ.

ರಾತ್ರಿ ಎರಡು ಗಂಟೆಗೆ ಕಾರು ತೆಗೆದ ಮೂರನೆಯ ಮಹಡಿಯ ಕಾಕಾ, ಹದಿಮೂರು ದಿನವೂ ಅತ್ತೆಯವರ ಪಕ್ಕ ಒಬ್ಬರಲ್ಲ ಒಬ್ಬರು ಇರುವಂತೆ ನೋಡಿಕೊಂಡ ಭಜನಾ ಮಂಡಳಿಯ ಅಕ್ಕಂದಿರು, ಎಲ್ಲರಿಗೂ ನಮಸ್ಕಾರ. ತೀರಿಕೊಂಡವರನ್ನೇ ಸಹಿಗೆ ಕರೆತನ್ನಿ ಎಂದ ಬ್ಯಾಂಕಿನ ಮಹಾಶಯರಿಗೂ ಒಂದು ನಮಸ್ಕಾರ. ಅತ್ತೆಯವರು ಆ ತಿಂಗಳು ನಕ್ಕದ್ದು ಆ ಒಂದು ಸಲ.

ಪುಣೆಯ ಕಾಕಾ, ಮಾವನವರ ಬ್ಯಾಡ್ಜ್ ಸಿಕ್ಕಿತು. ಹೈಡ್ರೋಮೀಟರಿನ ಡಬ್ಬಿಯಲ್ಲಿ ಹತ್ತಿಯಲ್ಲಿ ಸುತ್ತಿಟ್ಟಿದ್ದರು. ಅದಿನ್ನು ನಿಮ್ಮದು, ಮುಂದಿನ ವಾರ ನಾವೇ ತಂದುಕೊಡುತ್ತೇವೆ.

ಡಬ್ಬಿ ಮಾತ್ರ ಇಲ್ಲೇ ಇರುತ್ತದೆ. ಭಾನುವಾರಕ್ಕೊಮ್ಮೆ ಇನ್ವರ್ಟರ್ ಬ್ಯಾಟರಿಯ ಆರು ಸೆಲ್‌ಗಳನ್ನೂ ಅಳೆದು ಅವರು ಬರೆದಿಡುತ್ತಿದ್ದ ನೋಟ್‌ಬುಕ್ ಒಂದಿದೆ. ಅವರು ಮಲಗಿದ ಮೇಲೆ ಅದು ನಿಂತಿದೆ ಎಂದುಕೊಂಡಿದ್ದೆ. ನಿನ್ನೆ ತೆರೆದು ನೋಡಿದರೆ ಒಂದು ವಾರವೂ ತಪ್ಪಿಲ್ಲ. ಅಕ್ಷರ ಬೇರೆ, ಅಂಕಿ ದಪ್ಪ, ಟಿಪ್ಪಣಿ ಹಿಂದಿಯಲ್ಲಿ. ನಮ್ಮ ವಾಚ್‌ಮನ್ ಹುಡುಗನಿಗೆ ಅದನ್ನೆಲ್ಲ ಯಾವಾಗ ಕಲಿಸಿದರೋ! ಹದಿಮೂರನೆಯ ದಿನದ ಸಾಲಿನಲ್ಲಿ ಐದು ಕಡೆ 1240 ಎಂದಿದೆ. ಮೂರನೆಯ ಸೆಲ್‌ನ ಮುಂದೆ ಅಂಕಿ ಇಲ್ಲ: ‘ನೀರು ಕಡಿಮೆ ಇತ್ತು, ಹಾಕಿದ್ದೇನೆ, ನಾಳೆ ಮತ್ತೆ ನೋಡುತ್ತೇನೆ.’