ಅಜ್ಜಿ ಬೈಯುತ್ತಿಲ್ಲವೆಂದು ನೆಮ್ಮದಿಯಾಗಿರಬೇಡ

ರೆಡಿಂಗ್, ಇಂಗ್ಲೆಂಡ್
17 ನವೆಂಬರ್ 2024

ಅಮ್ಮನಿಗೆ, ಅಪ್ಪನಿಗೆ ನಮಸ್ಕಾರಗಳು. ನಾನು ಕ್ಷೇಮ.

ನಿನ್ನ ಪತ್ರದ ಫೋಟೋವನ್ನು ತಮ್ಮ ನಿನ್ನೆ ರಾತ್ರಿ ಕಳಿಸಿದ. ಅಡಿಕೆ ಕೊಯ್ಲು ಶುರುವಾದದ್ದು, ಕೊನೆಗಾರ ಎರಡು ದಿನ ಬಂದು ಮೂರನೆಯ ದಿನ ಕೈಕೊಟ್ಟದ್ದು ಎಲ್ಲ ಓದಿದೆ. ಆದರೆ ಕೊನೆಯ ಪುಟದಲ್ಲಿ ನನ್ನ ಸಮಾಧಾನಕ್ಕೆಂದು ಬರೆದಿದ್ದೀಯಲ್ಲ, ಅದೇ ನನ್ನ ನಿದ್ದೆ ಕೆಡಿಸಿತು. 'ಆಪರೇಷನ್ ಆದ ಮೇಲೆ ಅತ್ತೆಯವರು ಬಹಳ ಸಾಧುವಾಗಿದ್ದಾರೆ. ನಾಲ್ಕು ದಿನದಿಂದ ಯಾರಿಗೂ ಒಂದು ಮಾತು ಬೈದಿಲ್ಲ. ಎರಡು ತುತ್ತು ತಿಂದು ಮಲಗುತ್ತಾರೆ.'

ಅಮ್ಮಾ, ನಮ್ಮ ಅಜ್ಜಿ ಸಾಧುವಾಗುವುದೆಂದರೇನು? ಸಾರಿಗೆ ಉಪ್ಪು ಸರಿಯಾಗಿದ್ದ ದಿನವೂ 'ಇವತ್ತು ಯಾರ ಕೈ ತಪ್ಪಿ ಸರಿಯಾಯಿತು?' ಎಂದು ಕೇಳುವವಳು. ಈ ಪತ್ರ ಕಳಿಸಿದ ಕೂಡಲೇ ಫೋನ್ ಮಾಡುತ್ತೇನೆ. ಆದರೆ ಫೋನಿನಲ್ಲಿ ನೀನು ಗಾಬರಿಯಾಗಿ ಅರ್ಧ ಮರೆಯುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ವೃದ್ಧಾಶ್ರಮದ ಹಜಾರದಲ್ಲಿ ಎರಡು ತಿಂಗಳಿಂದ 'ಡೌನ್ಟನ್ ಆ್ಯಬಿ' ಎಂಬ ಹಳೆಯ ಧಾರಾವಾಹಿ ಮತ್ತೆ ಓಡುತ್ತಿದೆ. 2010ರಿಂದ 2015ರವರೆಗೆ ಇಲ್ಲಿನ ಟಿವಿಯಲ್ಲಿ ಬಂದದ್ದು. ಅದರಲ್ಲಿ ಮನೆಯ ಹಿರಿಯಳಾಗಿ ಮಾಡಿದ್ದ ಮ್ಯಾಗಿ ಸ್ಮಿತ್ ಸೆಪ್ಟೆಂಬರ್ 27ರಂದು ತೀರಿಕೊಂಡರು, 89 ವರ್ಷ. ಅಂದಿನಿಂದ ನಮ್ಮ ಮುದುಕಿಯರಿಗೆ ಬೇರೆ ಯಾವ ಚಾನೆಲ್ಲೂ ಬೇಡ. ನಾನು ಮಾತ್ರೆಯ ತಳ್ಳುಗಾಡಿ ಹಿಡಿದು ಒಬ್ಬೊಬ್ಬರ ಬಳಿ ನಿಲ್ಲುತ್ತಲೇ ಅರ್ಧ ಕಥೆ ನೋಡಿದ್ದೇನೆ. (ಕೆಲಸ ಕೆಡಿಸಿಲ್ಲ, ಅಪ್ಪನಿಗೆ ಹೇಳು.)

ಆ ಪಾತ್ರದ ಹೆಸರು ವಯಲೆಟ್. ದೊಡ್ಡ ಜಮೀನ್ದಾರಿ ಮನೆ, ನೂರು ವರ್ಷದ ಹಿಂದಿನ ಕಾಲ. ವಾರವಿಡೀ ದುಡಿಯುವ ಹುಡುಗನೊಬ್ಬ ಊಟದ ಮೇಜಿನಲ್ಲಿ ವಾರಾಂತ್ಯದ ಮಾತೆತ್ತಿದರೆ, ವಾರಾಂತ್ಯ ಎಂದರೆ ಏನು ಎಂದು ಕೇಳುತ್ತಾಳೆ. ಹಜಾರವೆಲ್ಲ ನಕ್ಕಿತು. ನನಗೆ ನೆನಪಾದದ್ದು, ನಾನು ಮೊದಲ ಸಲ ಹಾಸ್ಟೆಲಿನಿಂದ ಭಾನುವಾರ ಮನೆಗೆ ಬಂದಾಗ ಅಜ್ಜಿ 'ರಜೆಯೇ? ನಮ್ಮ ಗೌರಿ ಹಾಲು ಕೊಡುವುದಕ್ಕೆ ಯಾವತ್ತು ರಜೆ ಹಾಕಿದ್ದಾಳೆ?' ಎಂದದ್ದು. ಒಂದು ವ್ಯತ್ಯಾಸ: ವಯಲೆಟ್ ಬದುಕಿನಲ್ಲಿ ಒಂದು ದಿನವೂ ಕೆಲಸ ಮಾಡಿದವಳಲ್ಲ, ಅಜ್ಜಿ ಒಂದು ದಿನವೂ ಬಿಟ್ಟವಳಲ್ಲ. ಇಬ್ಬರಿಗೂ ರಜೆ ಗೊತ್ತಿಲ್ಲ.

ಬರೀ ನಾಲಗೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಯುದ್ಧದಲ್ಲಿ ಗಾಯಗೊಂಡು ಸಾಯುತ್ತಿರುವ ಮನೆಯ ಆಳು, ವಿಲಿಯಂ ಎಂಬ ಹುಡುಗ. ಊರಿನ ಆಸ್ಪತ್ರೆ ಸೇನೆಯ ಅಧಿಕಾರಿಗಳಿಗೆ ಮಾತ್ರ ಎಂದು ಅವನನ್ನು ಸೇರಿಸಿಕೊಳ್ಳುವುದಿಲ್ಲ. ಟೆಲಿಫೋನ್ ಕಂಡರಾಗದ ಈ ಮುದುಕಿ ತಾನೇ ಫೋನ್ ಹಿಡಿದು, ದೊಡ್ಡವರ ನಂಟು ಬಳಸಿ, ಅವನನ್ನು ಮನೆಗೇ ತರಿಸುತ್ತಾಳೆ. ಸಾಯುವ ಮೊದಲು ಅಡಿಗೆಮನೆಯ ಹುಡುಗಿಯನ್ನು ಮದುವೆಯಾಗಬೇಕೆಂಬ ಅವನ ಆಸೆಗೆ ಪಾದ್ರಿ ಅನುಮಾನಿಸಿದರೆ, 'ನೀನಿರುವ ಮನೆ ಯಾರದ್ದು, ಚರ್ಚಿಗೆ ಹೂವು ಯಾರ ತೋಟದಿಂದ ಬರುತ್ತದೆ' ಎಂಬ ಅರ್ಥದಲ್ಲಿ ಮೆತ್ತಗೆ ನೆನಪಿಸುತ್ತಾಳೆ. ಮದುವೆ ಆ ಹಾಸಿಗೆಯ ಪಕ್ಕದಲ್ಲೇ ನಡೆಯುತ್ತದೆ. ಅವಳ ಕಣ್ಣಲ್ಲಿ ನೀರು. ಯಾರೋ ನೋಡಿದರೆ, ತನಗೆ ಶೀತವಾಗಿದೆ ಎನ್ನುತ್ತಾಳೆ.

ನೀನು ಒಪ್ಪುವುದಿಲ್ಲ, ಗೊತ್ತು. ಇಪ್ಪತ್ತೆಂಟು ವರ್ಷ ಆ ಬಾಯಿಗೆ ಸಿಕ್ಕವಳು ನೀನು, ರಜೆಯಲ್ಲಿ ಬಂದು ಮುದ್ದು ಮಾಡಿಸಿಕೊಂಡು ಹೋಗುವವಳು ನಾನು. ಆದರೂ ನಿನಗೆ ಟೈಫಾಯಿಡ್ ಬಂದಾಗ ನಡುರಾತ್ರಿ ಎದ್ದು ಗಂಜಿ ಬಸಿಯುತ್ತಾ, 'ಇವಳಪ್ಪ ಗಟ್ಟಿ ಹೆಣ್ಣು ಎಂದು ಹೇಳಿ ಮೋಸ ಮಾಡಿದ' ಎಂದು ಬೈಯುತ್ತಿದ್ದವಳ ಸೆರಗು ಒದ್ದೆಯಾಗಿತ್ತು. ಒಲೆಯ ಹೊಗೆ ಎಂದಳು. ನಮ್ಮಲ್ಲಿ ಆಗಲೇ ಗ್ಯಾಸ್ ಬಂದಿತ್ತು.

ಇನ್ನು ಮುಖ್ಯ ವಿಷಯ. ಆ ಕಥೆಯಲ್ಲಿ ಮೊಮ್ಮಗಳು ಸಿಬಿಲ್ ಹೆರಿಗೆಯಾದ ಮೇಲೆ ಸಾಯುತ್ತಾಳೆ. ಮರುದಿನ ವಯಲೆಟ್ ಕಪ್ಪು ಉಡುಪಿನಲ್ಲಿ ಬಂದು, ಬಾಗಿಲಲ್ಲಿ ಬಟ್ಲರನ ಜೊತೆ ಒಂದೆರಡು ಮಾತಾಡಿ, ಕೋಲೂರಿಕೊಂಡು ಆ ದೊಡ್ಡ ಹಜಾರವನ್ನು ಒಬ್ಬಳೇ ದಾಟುತ್ತಾಳೆ. ನಮಗೆ ಕಾಣುವುದು ಬೆನ್ನು ಮಾತ್ರ. ಚುಚ್ಚುಮಾತಿಲ್ಲ. ನಾನು ಮಾತ್ರೆಯ ಬಟ್ಟಲು ಹಿಡಿದು ನಿಂತೇ ಇದ್ದೆ. ನಿನ್ನ ಪತ್ರ ಓದುವಾಗ ಆ ಬೆನ್ನೇ ಕಣ್ಣಮುಂದೆ ಬಂತು.

ನರ್ಸಾಗಿ ಹೇಳುತ್ತಿದ್ದೇನೆ, ಮಗಳಾಗಿ ಅಲ್ಲ. ಸೊಂಟದ ಮೂಳೆಯ ಆಪರೇಷನ್ ಆದ ವಯಸ್ಸಾದವರು ಕಿರುಚಾಡಿದರೆ ಎಲ್ಲರೂ ಓಡಿ ಬರುತ್ತಾರೆ. ಸುಮ್ಮನೆ ಮಂಕಾಗಿ ಮಲಗಿದರೆ ಯಾರೂ ಗಮನಿಸುವುದಿಲ್ಲ. ಇಂಥವರನ್ನು ನಾನಿಲ್ಲಿ ಬೇಕಾದಷ್ಟು ನೋಡಿದ್ದೇನೆ. ಮೂತ್ರದ ಸೋಂಕಿರಬಹುದು, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು, ನೀರು ಸಾಲದೆ ಇರಬಹುದು, ನೋವಿನ ಮಾತ್ರೆಯ ಮಂಪರೂ ಇರಬಹುದು. ಡಾಕ್ಟರ ಹತ್ತಿರ ಹೋಗುವಾಗ ಅವಳ ಬಿಪಿ ಮಾತ್ರೆಯ ಚೀಟಿಯನ್ನೂ ಮರೆಯದೆ ತೆಗೆದುಕೊಂಡು ಹೋಗು, ಕೆಲವು ಬಿಪಿ ಮಾತ್ರೆಗಳಿಂದಲೂ ಸೋಡಿಯಂ ಇಳಿಯುತ್ತದೆ. 'ವಯಸ್ಸಾಯಿತಲ್ಲ' ಎಂದು ಡಾಕ್ಟರು ಕೈಯಾಡಿಸಿದರೆ ಎದ್ದು ಬರಬೇಡ, ಪರೀಕ್ಷೆ ಬರೆಸಿಕೊಂಡೇ ಬಾ. ಅಜ್ಜಿಗೆ ಕನ್ನಡಕ ಹಾಕು. ಕಿಟಕಿಯ ಪಕ್ಕ, ಅಂಗಳ ಕಾಣುವಂತೆ ಒರಗಿಸಿ ಕೂರಿಸು. ಅಡಿಕೆ ಸುಲಿಯುವವರು ತಪ್ಪು ಮಾಡುವುದು ಕಾಣಿಸಲಿ.

ದುಡ್ಡಿನ ಯೋಚನೆ ಬೇಡ, ನಾಳೆ 25 ಸಾವಿರ ಹಾಕುತ್ತೇನೆ. ನನಗೇನೂ ಕಷ್ಟವಿಲ್ಲ, ನಿಜವಾಗಿಯೂ ಇಲ್ಲ. ಚಳಿಯೂ ಅಷ್ಟೇನಿಲ್ಲ. ಊಟ ಸರಿಯಾಗಿ ಮಾಡುತ್ತಿದ್ದೇನೆ, ಅಪ್ಪೆಮಿಡಿ ಇನ್ನೂ ಅರ್ಧ ಭರಣಿ ಇದೆ. ಇಲ್ಲಿ ಸಂಜೆ ನಾಲ್ಕೂಕಾಲಿಗೇ ಕತ್ತಲು. ಇಲ್ಲಿಯ ಜನರ ಕಾಲನ್ನು ನಾನು ತುಳಿದರೂ 'ಸಾರಿ' ಎನ್ನುವವರು ಅವರೇ. ಆಗಸ್ಟ್‌ನಲ್ಲಿ ಆ ಧಾರಾವಾಹಿ ತೆಗೆದ ಹೈಕ್ಲಿಯರ್ ಕ್ಯಾಸಲ್ಲಿಗೆ ಹೋಗಿದ್ದೆವು, ಇಲ್ಲಿಂದ ಬಹಳ ದೂರವಿಲ್ಲ. ಚೆನ್ನಾಗಿದೆ. ಆದರೆ ಅಷ್ಟು ದೊಡ್ಡ ಮನೆಗೆ ಒಂದು ಜಗಲಿಯಿಲ್ಲ. ನಮ್ಮ ಆಷಾಢದ ಮಳೆಯಲ್ಲಿ ಚಪ್ಪಲಿ ಎಲ್ಲಿ ಬಿಡುತ್ತಾರೋ. ಭದ್ರಾವತಿಯ ಹುಡುಗನ ಜಾತಕದ ಮಾತು ಈಗ ಬೇಡ.

ಬಸ್ಸಿಗೆ ಹೊತ್ತಾಯಿತು. ಒಂದು ಕೆಲಸ ಮಾಡು. ಅಜ್ಜಿಯ ಕಿವಿಯ ಹತ್ತಿರ ಹೋಗಿ, 'ನಿಮ್ಮ ಮೊಮ್ಮಗಳು ತಲೆಗೆ ಎಣ್ಣೆ ಹಚ್ಚದೆ, ಕೂದಲು ಕತ್ತರಿಸಿಕೊಂಡು ಡ್ಯೂಟಿಗೆ ಹೋಗುತ್ತಿದ್ದಾಳಂತೆ' ಎಂದು ಗಟ್ಟಿಯಾಗಿ ಹೇಳು. ಬೈದರೆ ನಾಳೆ ಬೆಳಿಗ್ಗೆ ಮೊದಲ ಕೆಲಸವಾಗಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗು. ಏನೂ ಅನ್ನದಿದ್ದರೆ ಅಪ್ಪನಿಗೆ ಹೇಳಿ ಈಗಲೇ ಕಾರು ತರಿಸು.

ನಿನ್ನ ಮಗಳು

(ಕೂದಲು ಕತ್ತರಿಸಿಲ್ಲ.)