ನೆನೆಸುವ ಮೊದಲು ಸ್ಟಾಂಪಿನ ಅಕ್ಷರ ಓದಿ

ಸಂಪಾದಕರಿಗೆ ನಮಸ್ಕಾರ.

ಅಂಚೆ ಇಲಾಖೆಯ ದೀನ್ ದಯಾಳ್ ಸ್ಪರ್ಶ್ ಯೋಜನೆಯಲ್ಲಿ 6ರಿಂದ 9ನೇ ತರಗತಿಯ ಮಕ್ಕಳಿಗೆ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ರಸಪ್ರಶ್ನೆ ದಾಟಿದವರು ಅಂಚೆಚೀಟಿಗಳ ಪ್ರಾಜೆಕ್ಟನ್ನೂ ಸಿದ್ಧಪಡಿಸಬೇಕು. ಅದಕ್ಕಾಗಿ ಅಟ್ಟದ ಟ್ರಂಕು ಇಳಿಸಿ, ಅಜ್ಜನ ಕಾಲದ ಕವರುಗಳನ್ನು ಬಿಚ್ಚುವ ಮಂಗಳೂರು–ಉಡುಪಿಯ ಮನೆಗಳಿಗೆ ಈ ಪತ್ರ. ಮಕ್ಕಳು ಸ್ಟಾಂಪನ್ನು ಚಿತ್ರ ನೋಡಿ ವಿಂಗಡಿಸುತ್ತಾರೆ: ಹಕ್ಕಿ ಒಂದು ಕಡೆ, ರಾಜ ಒಂದು ಕಡೆ, ವಿಮಾನ ಇನ್ನೊಂದು ಕಡೆ. ಆ ಚೀಟಿ ಯಾವ ದೇಶದ್ದು, ಯಾವ ಕಾಲದ್ದು, ಯಾವ ಕೆಲಸಕ್ಕೆ ಅಚ್ಚಾದದ್ದು ಎಂಬುದನ್ನು ಹೇಳುವುದು ಮಾತ್ರ ಅದರ ಮೇಲಿನ ಬರಹ. ಅದನ್ನು ಮೊದಲು ಓದುವ ಅಭ್ಯಾಸವನ್ನು ಶಾಲೆಗಳು ಮಾಡಿಸಬೇಕು ಎಂಬುದೇ ನಮ್ಮ ಕೋರಿಕೆ.

ನಮ್ಮ ದೇಶದ್ದರಿಂದಲೇ ಶುರುಮಾಡೋಣ. ರಾಣಿ ವಿಕ್ಟೋರಿಯಾಳ ಮುಖದ ಜೊತೆ ‘ಈಸ್ಟ್ ಇಂಡಿಯಾ ಪೋಸ್ಟೇಜ್’ ಎಂದಿದ್ದರೆ ಅದು ಕಂಪನಿ ಸರಕಾರದ ಕಾಲದ್ದು, ಬಹಳ ಅಪರೂಪದ್ದು ಎಂದು ಎಷ್ಟೋ ಜನ ನಂಬಿದ್ದಾರೆ. ಕಂಪನಿಯ ಆಡಳಿತ 1858ರಲ್ಲೇ ಮುಗಿಯಿತು. ಆ ಬರಹ ಮಾತ್ರ ಹಾಗೇ ಉಳಿದು, ‘ಇಂಡಿಯಾ ಪೋಸ್ಟೇಜ್’ ಎಂದು ಬದಲಾದದ್ದು 1882ರಲ್ಲಿ. ಅದಕ್ಕಿಂತ ಹಳೆಯ 1854ರ ಚೀಟಿಗಳಲ್ಲಿ ಬರೀ ‘ಇಂಡಿಯಾ’ ಎಂದಿದೆ. ಸ್ವತಂತ್ರ ಭಾರತದ ಮೊದಲ ಸ್ಟಾಂಪಿನಲ್ಲೂ ಇಂಥದೇ ತಪ್ಪಾಗುತ್ತದೆ. ಧ್ವಜದ ಚಿತ್ರವಿರುವ ಮೂರೂವರೆ ಆಣೆಯ ಆ ಚೀಟಿಯಲ್ಲಿ ‘ಜೈ ಹಿಂದ್’ ಎಂದೂ 15 ಆಗಸ್ಟ್ 1947 ಎಂದೂ ಇದೆ. ಅದು ಬಿಡುಗಡೆಯಾದದ್ದು 1947ರ ನವೆಂಬರ್ 21ರಂದು. ಪ್ರಾಜೆಕ್ಟಿನ ಹಾಳೆಯಲ್ಲಿ ಎರಡೂ ದಿನಾಂಕಗಳನ್ನು ಬರೆಯಬೇಕು.

ಬೆಲೆಯ ಬರಹವೂ ಕಾಲ ಹೇಳುತ್ತದೆ. ದಶಮಾಂಶ ನಾಣ್ಯ ಪದ್ಧತಿ ಬಂದದ್ದು 1957ರ ಏಪ್ರಿಲ್ 1ರಂದು. ಅಲ್ಲಿಂದ 1964ರವರೆಗೆ ‘ನಯಾ ಪೈಸೆ’, ಆಮೇಲೆ ಬರೀ ಪೈಸೆ. 1964ರ ಜನವರಿಯಲ್ಲಿ ಬಂದ ಪುರಂದರದಾಸರ ಚೀಟಿಯನ್ನೂ 1967ರ ಬಸವಣ್ಣನವರ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡಕ್ಕೂ ಬೆಲೆ 15. ನಯಾ ಪೈಸೆಯ ಗುರುತು ಇರುವುದು ಮೊದಲನೆಯದರಲ್ಲಿ ಮಾತ್ರ. ದೇವನಾಗರಿಯ ‘ಭಾರತ’ ಮತ್ತು ರೋಮನ್ನಿನ ‘ಇಂಡಿಯಾ’ ಜೊತೆಜೊತೆಗೆ ಬರತೊಡಗಿದ್ದು 1962ರಿಂದ.

‘ಆನ್ ಎಚ್.ಎಂ.ಎಸ್.’ (ರಾಣಿ ಅಥವಾ ರಾಜರ ಸೇವೆಯಲ್ಲಿ) ಎಂಬ ಕಪ್ಪು ಅಚ್ಚು ಹಡಗಿನ ಹೆಸರಲ್ಲ, ಸರಕಾರಿ ಟಪಾಲಿನ ಗುರುತು. ‘ಸರ್ವಿಸ್’ ಎಂಬ ಅಚ್ಚೂ ಅದೇ ಕೆಲಸದ್ದು. ‘ಪೋಸ್ಟೇಜ್ ಅಂಡ್ ರೆವಿನ್ಯೂ’ ಎಂದಿದ್ದರೆ ಆ ಚೀಟಿಯನ್ನು ಕಾಗದಕ್ಕೂ ಹಚ್ಚಬಹುದಿತ್ತು, ರಶೀದಿಗೂ ಹಚ್ಚಬಹುದಿತ್ತು. ನಮ್ಮ ಜಿಲ್ಲೆಗಳ ಹಳೆಯ ಗೇಣಿ ರಶೀದಿಗಳಲ್ಲಿ ಚೀಟಿಯ ಮೇಲೆ ಅಡ್ಡ ಸಹಿ ಇದ್ದರೆ ಅದು ಅಂಚೆಯಲ್ಲಿ ಹೋದದ್ದಲ್ಲ. ಆ ಶಾಯಿಯನ್ನು ರಾಸಾಯನಿಕ ಹಚ್ಚಿ ತೆಗೆಯಬೇಡಿ: ಕಾಗದದ ನಾರು ಎದ್ದು ಬರುತ್ತದೆ, ಬಣ್ಣ ಮಾಸುತ್ತದೆ, ತಿಳಿದವರ ಕಣ್ಣಿಗೆ ಅದು ಹಾಳಾದ ಚೀಟಿ. ರಶೀದಿಯ ಸಮೇತ ಇಟ್ಟರೆ ಅದೇ ಒಳ್ಳೆಯ ದಾಖಲೆ.

ಕರಾವಳಿಯ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದದ್ದು ಗಲ್ಫ್ ಕವರುಗಳ ವಿಷಯ. ಅಲ್ಲಿನ ಅಂಚೆ ಬಹುಕಾಲ ಭಾರತದ ಆಡಳಿತದಲ್ಲಿತ್ತು. ಹಾಗಾಗಿ ನಮ್ಮ ಸ್ಟಾಂಪುಗಳ ಮೇಲೆಯೇ 1923ರಿಂದ ‘ಕುವೈತ್’ ಎಂದೂ 1933ರಿಂದ ‘ಬಹ್ರೈನ್’ ಎಂದೂ ಅಚ್ಚು ಹಾಕಿದರು. 1948ರಲ್ಲಿ ಬ್ರಿಟಿಷ್ ಅಂಚೆ ಅದನ್ನು ವಹಿಸಿಕೊಂಡಿತು. ಬ್ರಿಟಿಷ್ ಸ್ಟಾಂಪಿನಲ್ಲಿ ದೇಶದ ಹೆಸರೇ ಇರುವುದಿಲ್ಲ. ಜಗತ್ತಿನ ಮೊದಲ ಅಂಚೆಚೀಟಿಯಾದ 1840ರ ಪೆನ್ನಿ ಬ್ಲ್ಯಾಕ್‌ನಿಂದ ಇಂದಿನವರೆಗೆ ರಾಜ ಅಥವಾ ರಾಣಿಯ ತಲೆಯೇ ಗುರುತು. ಮಸ್ಕತ್, ದುಬೈಗೆಂದು ಆ ಚೀಟಿಗಳ ಮೇಲೆ ಊರ ಹೆಸರು ಹಾಕದೆ ಆಣೆ, ರೂಪಾಯಿಯ ಬೆಲೆ ಮಾತ್ರ ಅಚ್ಚು ಹಾಕಿದರು. ಅಲ್ಲಿ ಆಗ ನಡೆಯುತ್ತಿದ್ದದ್ದು ನಮ್ಮ ರೂಪಾಯಿ. 1957ರ ನಂತರ ರಾಣಿ ಎಲಿಜಬೆತ್‌ಳ ಮುಖದ ಮೇಲೆ ನಯಾ ಪೈಸೆಯ ‘ಎನ್.ಪಿ.’ ಬಂತು. ‘ಲಂಡನ್ನಿನ ಸಾಮಾನ್ಯ ಸ್ಟಾಂಪು’ ಎಂದು ಪಕ್ಕಕ್ಕೆ ಸರಿಸುವ ರಾಶಿಯಲ್ಲಿ ಈ ಸಣ್ಣ ಅಚ್ಚನ್ನು ಹುಡುಕಿ.

ಕೊಚ್ಚಿ, ತಿರುವಾಂಕೂರಿನ ಕಡೆಯ ಚೀಟಿಗಳಲ್ಲಿ ‘ಅಂಚಲ್’ ಎಂದಿರುತ್ತದೆ, ಅದು ಆ ಸಂಸ್ಥಾನಗಳ ಸ್ವಂತ ಅಂಚೆಯ ಹೆಸರು. ತಿರುವಾಂಕೂರಿನ ಬೆಲೆ ಚಕ್ರಂ ಮತ್ತು ಕಾಶಿನಲ್ಲಿ, 16 ಕಾಶಿಗೆ ಒಂದು ಚಕ್ರಂ. ಹೊರದೇಶದ್ದರಲ್ಲಿ ಹೆಚ್ಚಾಗಿ ತಪ್ಪುವುದು ಇವು: ಹೆಲ್ವೆಟಿಯಾ ಎಂದರೆ ಸ್ವಿಟ್ಜರ್ಲೆಂಡ್ (ನಾಲ್ಕು ಭಾಷೆಗಳ ದೇಶ, ಅದಕ್ಕೇ ಲ್ಯಾಟಿನ್ ಹೆಸರು), ಮಗ್ಯಾರ್ ಎಂದರೆ ಹಂಗೇರಿ, ಸುವೊಮಿ ಎಂದರೆ ಫಿನ್ಲೆಂಡ್. ‘ಪೋರ್ಟೊ’ ಎಂಬುದು ದೇಶವೇ ಅಲ್ಲ, ಕಡಿಮೆ ಸ್ಟಾಂಪು ಹಚ್ಚಿದ ಕಾಗದಕ್ಕೆ ವಸೂಲಿ ಮಾಡುವ ಬಾಕಿ ಶುಲ್ಕ.

ಮೇಲಚ್ಚು (ಅಚ್ಚಾದ ಚೀಟಿಯ ಮೇಲೆ ಮತ್ತೆ ಒತ್ತಿದ ಬರಹ) ಇದ್ದಲ್ಲೆಲ್ಲ ನಕಲಿಯೂ ಇರುತ್ತದೆ. ಅಗ್ಗದ ಚೀಟಿಗೆ ಎರಡು ಅಕ್ಷರ ಒತ್ತಿ ದುಬಾರಿ ಮಾಡುವುದು ಸುಲಭ. 1921ರಲ್ಲಿ ಐದನೇ ಜಾರ್ಜ್‌ನ ಒಂದಾಣೆ ಚೀಟಿಯ ಮೇಲೆ ‘ನೈನ್ ಪೈಸ್’ (ಒಂಬತ್ತು ಪೈ) ಎಂದು ಅಚ್ಚು ಹಾಕುವಾಗ ಕೆಲವದರಲ್ಲಿ ‘ನೈನ್ ನೈನ್’ ಎಂದೂ ‘ಪೈಸ್ ಪೈಸ್’ ಎಂದೂ ಬಿತ್ತು. ಇಂಥ ತಪ್ಪಚ್ಚುಗಳಿಗೇ ನಕಲಿಯವರ ಕಣ್ಣು. ಹತ್ತು ಪಟ್ಟು ತೋರಿಸುವ ಭೂತಗನ್ನಡಿ ಹಿಡಿದು, ಅಂಚೆ ಸೀಲಿನ ಗೆರೆ ಮೇಲಚ್ಚನ್ನು ದಾಟುವ ಜಾಗ ನೋಡಿ. ಸೀಲಿನ ಶಾಯಿ ಮೇಲೆ, ಅಚ್ಚಿನ ಶಾಯಿ ಕೆಳಗೆ ಇರಬೇಕು. ತಿರುಗುಮುರುಗಾಗಿದ್ದರೆ ಚೀಟಿ ಬಳಕೆಯಾದ ಮೇಲೆ ಯಾರೋ ಅಕ್ಷರ ಒತ್ತಿದ್ದಾರೆ. ಅಸಲಿ ಎಂದು ಖಚಿತವಿರುವ ಅದೇ ಸರಣಿಯ ಅಗ್ಗದ ಚೀಟಿಯೊಂದನ್ನು ಪಕ್ಕದಲ್ಲಿಟ್ಟು ಅಕ್ಷರದ ಎತ್ತರ, ಅಂತರ ಹೋಲಿಸಿ.

ಇನ್ನು ಕವರಿನ ಕಾಗದದಿಂದ ಚೀಟಿ ಬಿಡಿಸಲು ನೆನೆಸುವ ವಿಷಯ. ತಣ್ಣೀರಲ್ಲಿ ಅಥವಾ ಉಗುರುಬೆಚ್ಚಗಿನ ನೀರಲ್ಲಿ 15–20 ನಿಮಿಷ ಸಾಕು. ಬಣ್ಣದ ಕವರಿನ ತುಂಡುಗಳನ್ನು ಬೇರೆ ಪಾತ್ರೆಯಲ್ಲೇ ಹಾಕಿ, ಇಲ್ಲವಾದರೆ ಅವುಗಳ ಬಣ್ಣ ಉಳಿದ ಚೀಟಿಗಳಿಗೆ ಹತ್ತುತ್ತದೆ. ಕೈಯಲ್ಲಿ ಒತ್ತಿದ ರಬ್ಬರ್ ಮೊಹರಿನ ಅಚ್ಚುಗಳನ್ನು ನೀರಿಗೆ ಹಾಕಲೇಬೇಡಿ. 1971ರಲ್ಲಿ ನಿರಾಶ್ರಿತರ ನೆರವಿಗೆಂದು ಐದು ಪೈಸೆಯ ಕುಟುಂಬ ಯೋಜನೆ ಚೀಟಿಗೆ ಬೇರೆಬೇರೆ ಊರುಗಳಲ್ಲಿ ‘ರೆಫ್ಯೂಜಿ ರಿಲೀಫ್’ ಎಂದು ಒತ್ತಿದ್ದರು. ಅಂಥ ಮೊಹರಿನ ಶಾಯಿ ನೀರಿಗೆ ಹರಡಿದರೆ ಸಾಮಾನ್ಯ ಐದು ಪೈಸೆಯ ಚೀಟಿಯಷ್ಟೇ ಉಳಿಯುತ್ತದೆ. ಅಂಟು ಹಾಗೇ ಇರುವ ಹೊಸ ಚೀಟಿಯನ್ನೂ ನೆನೆಸಬಾರದು. ನಮ್ಮ ಮಳೆಗಾಲದ ತೇವಕ್ಕೇ ಅವು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ, ನಡುವೆ ಬಟರ್ ಪೇಪರ್ ಇಡಿ.

ಊರ ಸೀಲು ಸ್ಪಷ್ಟವಾಗಿರುವ ಕವರನ್ನಂತೂ ಕತ್ತರಿಸಲೇಬೇಡಿ. ‘ಸೌತ್ ಕೆನರಾ’, ‘ಉಡಿಪಿ’ ಎಂಬ ಹಳೆಯ ಬರಹಗಳು ಉಳಿದಿರುವುದು ಇಂಥ ಕವರುಗಳಲ್ಲೇ. ವಿಳಾಸದಲ್ಲಿ ಮದ್ರಾಸ್ ರಾಜ್ಯ ಎಂದಿದ್ದರೆ 1956ರ ನವೆಂಬರ್‌ಗಿಂತ ಹಿಂದಿನದು, ಮೈಸೂರು ರಾಜ್ಯ ಎಂದಿದ್ದರೆ ಅಲ್ಲಿಂದ 1973ರವರೆಗಿನದು ಎಂದು ಅಂದಾಜಿಸಬಹುದು. ಹಳೇ ರೂಢಿಯಲ್ಲಿ ಬರೆದವರೂ ಇರುತ್ತಾರೆ, ಸೀಲಿನ ದಿನಾಂಕದೊಡನೆ ತಾಳೆ ನೋಡಿ. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. 1960ರ ದಶಕದ ಕವರೆಂದು ಯಾರಾದರೂ ಮಾರಲು ತಂದು, ಅದರ ಸೀಲಿನಲ್ಲಿ 575001 ಎಂದಿದ್ದರೆ ಹಣ ಕೊಡಬೇಡಿ.

– ಅಂಚೆಚೀಟಿ ಸಂಗ್ರಾಹಕರು, ಉಡುಪಿ