ಕೈಗೂ ಒಂದು ರಜಾ

ನಾಳೆಗೆ ಒಂದು ವರ್ಷ. ಆ ಶನಿವಾರ ಏನಾಯಿತು ಅಂತ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು, ಮತ್ತೆ ಬರೆಯುವುದಿಲ್ಲ. ಉಳಿದವರಿಗೆ ಇಷ್ಟು ಸಾಕು: ಯಾರಿಗೂ ಗಾಯ ಆಗಲಿಲ್ಲ. ನಾನೂ ನನ್ನ ಗೆಳೆಯನೂ ಆಡುವುದು ಬಿಡಿಎಸ್ಎಂ, ಅಂದರೆ ಇಬ್ಬರೂ ಒಪ್ಪಿಕೊಂಡೇ ಕಟ್ಟುವ, ಹೊಡೆಯುವ, ಒಬ್ಬರು ಇನ್ನೊಬ್ಬರಿಗೆ ಹಿಡಿತ ಬಿಟ್ಟುಕೊಡುವ ಆಟ. ಏನು ಬೇಕು, ಏನು ಬೇಡ ಅಂತ ಮೊದಲೇ ಕೂತು ಮಾತಾಡಿಕೊಂಡಿದ್ದೆವು. ನಮ್ಮ ಸೇಫ್‌ವರ್ಡ್ (ಹೇಳಿದ ತಕ್ಷಣ ಎಲ್ಲ ನಿಲ್ಲಿಸಬೇಕಾದ ಪದ) ‘ಮೆಜೆಸ್ಟಿಕ್’. (ಅಂಥ ಹೊತ್ತಲ್ಲಿ ಯಾರಿಗೂ ತಾನಾಗಿ ಬಸ್‌ಸ್ಟ್ಯಾಂಡ್ ನೆನಪಾಗಲ್ಲ, ಅಲ್ವಾ?) ಅವನ ಭುಜ ಹಿಡಿದುಕೊಂಡಿತು. ‘ಮೆಜೆ...’ ಅನ್ನುವಷ್ಟರಲ್ಲಿ ನಾನು ನಿಲ್ಲಿಸಿದ್ದೆ. ಕಂಬಳಿ ಹೊದಿಸಿದೆ, ನೀರು ಕೊಟ್ಟೆ, ಕಡಲೆ ಮಿಠಾಯಿ ಕೊಟ್ಟೆ, ನಿದ್ದೆ ಬರುವ ತನಕ ತಲೆ ನೇವರಿಸಿದೆ. ಭಾನುವಾರ ಇಡ್ಲಿ ತಿಂದು ನಗುನಗುತ್ತಾ ಮನೆಗೆ ಹೋದ.

ಕುಸಿದವಳು ನಾನು. ಅದೂ ಮಂಗಳವಾರ.

ಸಬ್‌ಗಳಿಗೆ (ಹಿಡಿತ ಬಿಟ್ಟುಕೊಡುವವರಿಗೆ) ಡ್ರಾಪ್, ಅಂದರೆ ಆಮೇಲಿನ ಕುಸಿತ, ಆಗುತ್ತದೆ ಅಂತ ಗೊತ್ತಿತ್ತು. ಸೀನ್, ಅಂದರೆ ಆ ಆಟ, ನಡೆಯುವಾಗ ಅಡ್ರಿನಲಿನ್, ಎಂಡಾರ್ಫಿನ್ ಏರಿರುತ್ತದೆ, ಅದು ಇಳಿಯುವಾಗ ಅಳು, ನಡುಕ, ಸುಮ್ನೆ ಬೇಜಾರು ಅನ್ನುತ್ತಾರೆ. ಕೆಲವರಿಗೆ ಆಗಲೇ ಬರುತ್ತದೆ, ಕೆಲವರಿಗೆ ಎರಡು ಮೂರು ದಿನ ಬಿಟ್ಟು. ಡಾಮ್‌ಗಳಿಗೂ (ನನ್ನ ಹಾಗೆ ಹಿಡಿತ ತೆಗೆದುಕೊಳ್ಳುವವರಿಗೂ) ಬರುತ್ತದೆ ಅಂತ ಯಾರೋ ಹೇಳಿದ್ದರು, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ಆಫ್ಟರ್‌ಕೇರ್ (ಆಟ ಮುಗಿದ ಮೇಲಿನ ಆರೈಕೆ) ಬ್ಯಾಗ್ ತುಂಬಿಸಿದವಳು ನಾನೇ. ಅದರಲ್ಲಿ ನನಗಾಗಿ ಒಂದು ಪೆಪ್ಪರ್‌ಮಿಂಟ್ ಕೂಡ ಇರಲಿಲ್ಲ.

ಆಫೀಸಿಗೆ ನನ್ನ ಬದಲು ಸುಳ್ಳು ಹೇಳಿದ ಗೆಳತಿಗೆ, ಗ್ರೂಪಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ‘ಊಟ ಆಯ್ತಾ’ ಅಂತ ಮಾತ್ರ ಕೇಳುತ್ತಿದ್ದವರಿಗೆ, ತಿಂಗಳ ಮಂಚ್‌ನಲ್ಲಿ ನನ್ನ ಕುರ್ಚಿ ಹಿಡಿದಿಟ್ಟವರಿಗೆ, ಎಲ್ಲರಿಗೂ ಥ್ಯಾಂಕ್ಸ್. (ಮಂಚ್ ಅಂದರೆ ಮಂಚ ಅಲ್ಲ, ಹೊಸಬರೇ. ನಮ್ಮಂಥವರು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಹರಟುವುದು, ಅಷ್ಟೇ.)

ಈಗ ಮೇಷ್ಟ್ರು, ನಮ್ಮ ಗುಂಪಿನ ಹಿರಿಯರು.

ರಾತ್ರಿ ಒಂಬತ್ತೂವರೆಗೆ ‘ಮೇಷ್ಟ್ರೇ, ಏನೋ ಸರಿ ಇಲ್ಲ’ ಅಂತ ಮೆಸೇಜ್ ಹಾಕಿದ್ದೆ. ಹತ್ತೂವರೆಗೆ ಆ ಮಳೆಯಲ್ಲಿ ಚಾಮರಾಜಪೇಟೆಯಿಂದ ಜೆ.ಪಿ. ನಗರಕ್ಕೆ ಸ್ಕೂಟರ್‌ನಲ್ಲಿ ಬಂದಿದ್ದರು. ಕೈಯಲ್ಲಿ ಸ್ಟೀಲ್ ಡಬ್ಬಿ. ಕೆಳಗಿನ ಮನೆ ಓನರ್ ಆಂಟಿ ಕಿಟಕಿ ತೆಗೆದು ನೋಡಿದರು. ಚಿಕ್ಕಪ್ಪ ಅಂದೆ. ಇವರೂ ಒಂದು ನಿಮಿಷ ನಿಂತು ಆಂಟಿಯ ಮಂಡಿನೋವು ವಿಚಾರಿಸಿಕೊಂಡೇ ಮೇಲೆ ಬಂದರು!

ಡಬ್ಬಿಯಲ್ಲಿ ಮೊಸರನ್ನ, ಮುಚ್ಚಳದ ಮೂಲೆಯಲ್ಲಿ ನಿಂಬೆ ಉಪ್ಪಿನಕಾಯಿ. ತಟ್ಟೆಗೆ ಹಾಕಿ ನನ್ನ ಮುಂದಿಟ್ಟರು. ನಾನು ಎಡಗೈ ಚಾಚಿದೆ. ಎರಡು ದಿನದಿಂದ ಹಾಗೇ ತಿನ್ನುತ್ತಿದ್ದೆ, ಬ್ರೆಡ್ಡು, ಬಾಳೆಹಣ್ಣು, ಎಲ್ಲ ಎಡಗೈಯಲ್ಲಿ. ಬಲಗೈಯನ್ನು ನೋಡಲು ಆಗುತ್ತಿರಲಿಲ್ಲ. ಮೇಷ್ಟ್ರು ಯಾಕೆ ಅಂತ ಕೇಳಲಿಲ್ಲ. ಜೇಬಿನಿಂದ ಒಂದು ಚಮಚ ತೆಗೆದು ಅಂಗಿಗೆ ಒರೆಸಿ ಕೊಟ್ಟರು.

‘ಇವತ್ತು ಇದರಲ್ಲಿ ತಿನ್ನಮ್ಮ. ಕೈಗೂ ಒಂದು ರಜಾ ಬೇಕಲ್ವಾ.’

ಆಗ ಬಂತು ಅಳು. ಅಪ್ಪನ ಕೈ ಹೀಗೇ ಇತ್ತು, ಮೇಷ್ಟ್ರೇ. ಇದೇ ಬೆರಳು, ಇದೇ ಉಗುರು. ಅಮ್ಮ ಅಡುಗೆಮನೆ ಬಾಗಿಲು ಹಾಕಿಕೊಳ್ಳುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ನಾನೂ ಅವನ ಹಾಗೇನಾ?

ಛೇ ಹಾಗೇನಿಲ್ಲ ಅಂತ ಸಮಾಧಾನ ಮಾಡುತ್ತಾರೆ ಅಂದುಕೊಂಡಿದ್ದೆ. ಮಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. ‘ನಿಮ್ಮಮ್ಮ ಸಾಕು ಅಂದಾಗ ನಿಮ್ಮಪ್ಪ ನಿಲ್ಲಿಸ್ತಿದ್ರಾ?’

ಇಲ್ಲ ಅಂದೆ.

‘ಮೊಸರನ್ನ ತಿನ್ನು. ಮಜ್ಜಿಗೆ ಮೆಣಸಿನಕಾಯಿ ತರೋದು ಮರೆತೆ.’

ಅಷ್ಟೇ. ಆಮೇಲೆ ಹಾಲ್‌ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆಳಗಿನ ತನಕ ಕೂತಿದ್ದರು, ಹಳೇ ಪೇಪರುಗಳ ಪದಬಂಧ ತುಂಬುತ್ತಾ. ತಮ್ಮ ಕಾಲದಲ್ಲಿ ಈ ಕುಸಿತಕ್ಕೆ ಹೆಸರೇ ಗೊತ್ತಿರಲಿಲ್ಲವಂತೆ. ಜ್ವರ ಬರುವ ಹಾಗಿದೆ ಅಂದುಕೊಂಡು ಕ್ರೋಸಿನ್ ನುಂಗಿ ಮಲಗುತ್ತಿದ್ದರಂತೆ, ಎಷ್ಟೋ ವರ್ಷ. ಮೂರು ಗಂಟೆಗೆ ನಾನು ನೀರಿಗೆ ಎದ್ದಾಗ ತಲೆ ಎತ್ತದೆ, ‘ನಾಲ್ಕಕ್ಷರ, ರೈತನ ಮಿತ್ರ’ ಅಂದರು. ‘ಎರೆಹುಳು’ ಅಂದೆ. ಬರೆದುಕೊಂಡರು. ಅಷ್ಟಕ್ಕೇ ಯಾಕೋ ನಗು ಬಂತು. ಆ ವಾರದ ಮೊದಲ ನಗು.

ಕೌನ್ಸೆಲರ್ ಬಗ್ಗೆಯೂ ಹೇಳಬೇಕು. ಮೊದಲು ಹೋದ ಕಡೆ ಈ ಆಟವೇ ಒಂದು ಕಾಯಿಲೆ, ಮದುವೆ ಆದರೆ ಸರಿಹೋಗುತ್ತದೆ ಅಂದರು. ಫೀಸ್ ಕೊಟ್ಟು ಎದ್ದು ಬಂದೆ. ಎರಡನೆಯವರು ಫೋನ್ ತಿರುಗಿಸಿ ತೋರಿಸಿದರು: 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ, ಐಸಿಡಿ-11. ಹಳೇ ಪಟ್ಟಿಯಲ್ಲಿ ಇದಕ್ಕೊಂದು ಕೋಡ್ ನಂಬರ್ ಇತ್ತು. ಹೊಸದರಲ್ಲಿ, ದೊಡ್ಡವರು ಇಬ್ಬರೂ ಒಪ್ಪಿ ಮಾಡುವುದನ್ನು ಕಾಯಿಲೆ ಅಂತ ಬರೆದಿಲ್ಲ. ‘ಇದನ್ನ ಬಿಡೋಣ, ಅಪ್ಪನ ವಿಷಯ ಮಾತಾಡೋಣ’ ಅಂದರು. ಏಳು ತಿಂಗಳು ಅದೇ ಮಾತಾಡಿದೆವು. ಮೇಡಂ, ನಿಮಗೆ ದೊಡ್ಡ ನಮಸ್ಕಾರ.

ಇನ್ನು ಅವನು. ವಿಷಯ ಗೊತ್ತಾದಾಗ ಅವನಿಗೆ ಸಿಟ್ಟು ಬಂತು. ‘ನನ್ನನ್ನ ನೋಡ್ಕೊಳ್ಳೋಕೆ ನಿನಗೆ ಬರುತ್ತೆ, ನಿನ್ನನ್ನ ನೋಡ್ಕೊಳ್ಳೋಕೆ ನನಗೆ ಬರಲ್ವಾ?’ ಅಂದ. ಉತ್ತರ ಹೊಳೆಯಲಿಲ್ಲ. ಈಗ ಮೊದಲು ಕೂತು ಮಾತಾಡುವಾಗ ನನ್ನ ಪಟ್ಟಿಯೂ ಇರುತ್ತದೆ: ಬಿಸಿ ಹಾಲು, ಕಾಲಿಗೆ ಸಾಕ್ಸ್, ‘ನೀನು ಮಾಡಿದ್ದು ನನಗೆ ಬೇಕಿತ್ತು’ ಅಂತ ಒಂದು ಮಾತು, ಮಂಗಳವಾರ ಒಂದು ಫೋನ್. ಆ ಫೋನ್ ಇವತ್ತಿನ ತನಕ ತಪ್ಪಿಸಿಲ್ಲ. ಕೆಲವು ಸಲ ಬರೀ ಟ್ರಾಫಿಕ್ ಬೈದುಕೊಂಡು ಇಟ್ಟುಬಿಡುತ್ತಾನೆ. ಪರವಾಗಿಲ್ಲ. ಬ್ಯಾಗಿನಲ್ಲೂ ಈಗ ಎರಡು ಕಡಲೆ ಮಿಠಾಯಿ.

ಮೇಷ್ಟ್ರೇ, ನಿಮ್ಮ ಡಬ್ಬಿ ಇನ್ನೂ ನಮ್ಮನೆಯಲ್ಲೇ ಇದೆ. ಖಾಲಿ ಕೊಡಬಾರದು ಅಂತಾರಲ್ವಾ, ಅದಕ್ಕೇ ಕಾಯುತ್ತಿದ್ದೆ. ಈ ಭಾನುವಾರ ಹುಗ್ಗಿ ಮಾಡಿ ತರುತ್ತೇನೆ. ಚಮಚ ಮಾತ್ರ ಕೇಳಬೇಡಿ.